ಪರದೇಶದ ಸಾಕ್ಷಿ, ತರಗತಿಯ ಪ್ರಶ್ನೆ

ಪರಭಾಷೆಯೊಂದನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು, ಆ ಭಾಷೆಯ ನಾಡಿಗೆ ಓದಲು ಹೋಗಿರುವ ತಮ್ಮ ಊರಿನ ಅಥವಾ ತಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ತರಗತಿಯಿಂದಲೇ ವೀಡಿಯೊ ಕರೆ ಮಾಡಿ, ಅಲ್ಲಿನ ಜನಜೀವನವನ್ನು ಕೇಳಿ ತಿಳಿಯುವ ಪದ್ಧತಿ ಭಾಷಾ ಶಿಕ್ಷಣದಲ್ಲಿ ನಿಧಾನವಾಗಿ ನೆಲೆಯೂರುತ್ತಿದೆ. ಒಂದು ಮೊಬೈಲು, ಒಂದು ಪ್ರೊಜೆಕ್ಟರ್, ಸಾಧಾರಣ ವೇಗದ ಅಂತರ್ಜಾಲ ಇವಿಷ್ಟಿದ್ದರೆ ನಡೆದುಹೋಗುವ ಈ ಪಾಠ ಹೊರನೋಟಕ್ಕೆ ತೀರಾ ಸರಳವಾಗಿ ಕಾಣುತ್ತದೆ. ಆದರೆ ಚಳಿ ಹೇಗಿದೆ, ಊಟಕ್ಕೆ ಏನು ಮಾಡುತ್ತೀರಿ, ಜನ ಒಳ್ಳೆಯವರೇ ಎಂಬಂಥ ನಾಲ್ಕು ಪ್ರಶ್ನೆಗಳಲ್ಲಿ ಮುಗಿದುಹೋಗುವ ಕರೆಯಿಂದ ಕುಶಲ ವಿಚಾರಣೆಯಷ್ಟೇ ಆಗುತ್ತದೆ, ಸಂಸ್ಕೃತಿಯ ಪಾಠ ಆಗುವುದಿಲ್ಲ. ಕರೆಯ ಆಚೆ ಬದಿಯಲ್ಲಿರುವವರನ್ನು ಒಂದು ದೇಶದ ಪ್ರತಿನಿಧಿಯೆಂದು ತಿಳಿಯದೆ, ಒಂದು ಜಾಗದಲ್ಲಿ ನಿಂತು ಕಂಡದ್ದನ್ನು ಹೇಳಬಲ್ಲ ಸಾಕ್ಷಿಯೆಂದು ತಿಳಿದು, ಸಾಕ್ಷಿಯನ್ನು ಕೇಳುವ ಕ್ರಮದಲ್ಲಿಯೇ ಕೇಳಿದಾಗ ಮಾತ್ರ ಈ ಪದ್ಧತಿ ಫಲ ಕೊಡುತ್ತದೆ. ಆ ಕ್ರಮ ಯಾವುದು ಎಂಬುದನ್ನು ಜರ್ಮನ್ ಭಾಷೆಯ ಕಲಿಕೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಜರ್ಮನ್ ಭಾಷೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಜರ್ಮನಿಯಲ್ಲಿ ಓದುತ್ತಿರುವ ಹೊರದೇಶದ ವಿದ್ಯಾರ್ಥಿಗಳಲ್ಲಿ ಭಾರತೀಯರ ಸಂಖ್ಯೆ ಚೀನಾದವರ ಸಂಖ್ಯೆಯನ್ನು ಹಿಂದಿಕ್ಕಿದ್ದು, 2023-24ರ ಹೊತ್ತಿಗೆ ಅದು 49 ಸಾವಿರವನ್ನು ದಾಟಿತ್ತು. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದಿರುವುದು ಇದಕ್ಕೆ ಒಂದು ದೊಡ್ಡ ಕಾರಣ. ಬೆಂಗಳೂರಿನ ಮ್ಯಾಕ್ಸ್ ಮ್ಯೂಲರ್ ಭವನ, ಅಂದರೆ ಜರ್ಮನಿಯ ಗಯಟೆ ಸಂಸ್ಥೆಯ ಇಲ್ಲಿನ ಶಾಖೆ, ಮೊದಲುಗೊಂಡು ಅನೇಕ ಕಾಲೇಜುಗಳಲ್ಲಿಯೂ ಖಾಸಗಿ ಕೇಂದ್ರಗಳಲ್ಲಿಯೂ ಆ ಭಾಷೆಯ ತರಗತಿಗಳು ನಡೆಯುತ್ತಿರುವುದರಿಂದ, ಕರ್ನಾಟಕದಲ್ಲಿ ಜರ್ಮನ್ ಕಲಿಯುತ್ತಿರುವ ಯಾವುದೇ ಗುಂಪಿಗೆ ಅಲ್ಲಿ ಓದುತ್ತಿರುವ ಒಬ್ಬ ಪರಿಚಿತರು ಸಿಗುವುದು ಇಂದು ಕಷ್ಟವಲ್ಲ. ಸಾಕ್ಷಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಪ್ರಶ್ನೆಗಳಿಗೆ.

ದೂರದವರೊಡನೆ ಸಂಪರ್ಕ ಬೆಳೆಸಿ ಕಲಿಯುವ ವಿಚಾರ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತಮ್ಮ ಶಾಲೆಗೆ ಚಿಕ್ಕದೊಂದು ಮುದ್ರಣಯಂತ್ರವನ್ನು ತಂದು, ಮಕ್ಕಳು ತಮ್ಮ ಊರಿನ ಬಗ್ಗೆ ತಾವೇ ಬರೆದದ್ದನ್ನು ಅಚ್ಚು ಹಾಕಿಸಿ, ದೇಶದ ಇನ್ನೊಂದು ಅಂಚಿನಲ್ಲಿದ್ದ ಬ್ರಿಟನಿಯ ಶಾಲೆಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಂದ ಬಂದದ್ದನ್ನು ಓದಿಸುತ್ತಿದ್ದರು. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕಾದಾಡಿದ್ದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಸ್ನೇಹ ಒಪ್ಪಂದ ಮಾಡಿಕೊಂಡ ಮೇಲೆ, ಎರಡೂ ದೇಶಗಳ ಯುವಜನರ ಶಿಬಿರಗಳಲ್ಲಿ 'ಟ್ಯಾಂಡೆಮ್' ಎಂಬ ಜೋಡಿಕಲಿಕೆ ರೂಪುಗೊಂಡಿತು. ಇಬ್ಬರು ಸೇರಿ ಅರ್ಧ ಹೊತ್ತು ಒಬ್ಬರ ಭಾಷೆಯಲ್ಲಿ, ಇನ್ನರ್ಧ ಹೊತ್ತು ಇನ್ನೊಬ್ಬರ ಭಾಷೆಯಲ್ಲಿ ಮಾತನಾಡಿ, ಪರಸ್ಪರರಿಗೆ ಗುರುಗಳೂ ಶಿಷ್ಯರೂ ಆಗುವುದೇ ಈ ಕ್ರಮ. 1990ರ ದಶಕದಲ್ಲಿ ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯದವರು ಇದನ್ನು ಇ-ಮೇಲ್‌ಗೆ ಅಳವಡಿಸಿದರು. 1997ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಿಲ್ಬರ್ತ್ ಫುರ್ಸ್ಟೆನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಆರಂಭಿಸಿದ 'ಕುಲ್ತುರಾ' ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳಿಗೆ ಒಂದೇ ಸನ್ನಿವೇಶವನ್ನು, ಉದಾಹರಣೆಗೆ ಅಂಗಡಿಯೊಂದರಲ್ಲಿ ತಾಯಿಯೊಬ್ಬಳು ತನ್ನ ಮಗುವಿನ ಕೆನ್ನೆಗೆ ಹೊಡೆಯುವುದನ್ನು ಕಂಡರೆ ಏನು ಅನ್ನಿಸುತ್ತದೆ ಎಂಬುದನ್ನು, ಕೊಟ್ಟು, ಎರಡೂ ಕಡೆಯ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು, ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಎಂದು ವಿದ್ಯಾರ್ಥಿಗಳೇ ಚರ್ಚಿಸುವಂತೆ ಮಾಡಲಾಯಿತು. ಈ ಎಲ್ಲ ಪ್ರಯೋಗಗಳಲ್ಲಿ ಸಂಪರ್ಕದ ಸಾಧನ ಬದಲಾಗುತ್ತ ಬಂದರೂ ಒಂದು ಸಂಗತಿ ಬದಲಾಗಲಿಲ್ಲ. ಸಂಪರ್ಕಕ್ಕೆ ಮೊದಲು ಮಾಡಿದ ಸಿದ್ಧತೆ ಮತ್ತು ಸಂಪರ್ಕದ ನಂತರ ನಡೆಸಿದ ಚರ್ಚೆ, ಇವೆರಡೇ ಪಾಠದ ತಿರುಳಾಗಿದ್ದವು.

ಟ್ಯಾಂಡೆಮ್‌ನಲ್ಲಾಗಲಿ ಕುಲ್ತುರಾದಲ್ಲಾಗಲಿ ಆಚೆ ಬದಿಯಲ್ಲಿದ್ದವರು ಆ ನಾಡಿನವರೇ. ನಮ್ಮವರೇ ಆದ, ಅಲ್ಲಿಗೆ ಹೊಸಬರಾದ ವಿದ್ಯಾರ್ಥಿಯನ್ನು ಕೇಳುವುದರಲ್ಲಿ ಅವರಿಂದ ಸಿಗದ ಒಂದು ಲಾಭವಿದೆ. ಹುಟ್ಟಿದಾಗಿನಿಂದ ಒಂದು ರೂಢಿಯಲ್ಲಿ ಬೆಳೆದವರಿಗೆ ಆ ರೂಢಿ ಕಣ್ಣಿಗೇ ಬೀಳುವುದಿಲ್ಲ, ಹೊರಗಿನಿಂದ ಹೋದವರು ಮಾತ್ರ ಅದಕ್ಕೆ ಎಡವುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಅಗಾರ್ ಇಂಥ ಎಡವುವ ಜಾಗಗಳನ್ನು ಸಮೃದ್ಧ ಬಿಂದುಗಳೆಂದು ಕರೆದು, ಸಂಸ್ಕೃತಿಯ ಅರಿವು ಅಲ್ಲಿಂದಲೇ ಆರಂಭವಾಗುತ್ತದೆ ಎಂದು ವಾದಿಸಿದರು. ಅವರೇ ದಾಖಲಿಸಿದ ಒಂದು ಅನುಭವ ಕನ್ನಡಿಗರಿಗೆ ತೀರಾ ಹತ್ತಿರದ್ದು. ಯುವಕರಾಗಿದ್ದಾಗ ಅವರು ದಕ್ಷಿಣ ಭಾರತದ ಲಂಬಾಣಿ ತಾಂಡಾವೊಂದರಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದರು. ಒಮ್ಮೆ ಬೇರೆ ಊರಿಗೆ ಹೊರಟಾಗ ತಾಂಡಾದವರು ಕಟ್ಟಿಕೊಟ್ಟ ಊಟದ ಬುತ್ತಿಯ ಮೇಲೆ ಇದ್ದಿಲಿನ ತುಂಡೊಂದನ್ನು ಇಟ್ಟರು. ಮಟಮಟ ಮಧ್ಯಾಹ್ನ ಹೊಲದ ದಾರಿಯಲ್ಲಿ ಗಾಳಿ ಸೋಕದಿರಲೆಂದು ಇಟ್ಟ ಇದ್ದಿಲು ಅದು. ಕೊಟ್ಟವರಿಗೆ ಅದು ಹೇಳಲೇಬೇಕಾದ ವಿಷಯವೆಂದು ಅನ್ನಿಸಿರಲಿಲ್ಲ, ಕೇಳಿದ್ದರಿಂದ ಹೇಳಿದರು. ಆ ಒಂದು ತುಂಡಿನ ಹಿಂದೆ ಹೊತ್ತು, ದಾರಿ, ಅನ್ನ, ಭಯ, ರಕ್ಷಣೆ ಇವುಗಳ ಬಗೆಗಿನ ನಂಬಿಕೆಗಳ ಒಂದು ಜಾಲವೇ ಇತ್ತು. ಜರ್ಮನಿಗೆ ಹೋದ ಕನ್ನಡಿಗ ವಿದ್ಯಾರ್ಥಿಗೂ ದಿನವೂ ಇಂಥ ತುಂಡುಗಳು ಸಿಗುತ್ತಿರುತ್ತವೆ. ತರಗತಿಯ ಮೊದಲ ಪ್ರಶ್ನೆ ಅವನ್ನು ಹೊರಗೆಳೆಯುವಂತಿರಬೇಕು.

ಹೀಗೆ ಕೇಳುವುದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಮೈಕೆಲ್ ಬೈರಮ್ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಾಷಾ ವಿದ್ಯಾರ್ಥಿಯ ಗುರಿ ಆ ನಾಡಿನವರಂತೆಯೇ ಆಗುವುದಲ್ಲ, ಎರಡು ನಾಡುಗಳ ನಡುವೆ ನಿಂತು ಒಂದನ್ನು ಇನ್ನೊಂದಕ್ಕೆ ತಿಳಿಯಪಡಿಸಬಲ್ಲ ಅಂತರ್‌ಸಾಂಸ್ಕೃತಿಕ ಭಾಷಿಕನಾಗುವುದು ಎಂದು ಪ್ರತಿಪಾದಿಸಿದರು. ಅದಕ್ಕೆ ಮಾಹಿತಿ ಸಾಲದು. ಕುತೂಹಲ, ತನ್ನ ರೂಢಿಯೇ ಸಹಜವೆಂಬ ನಂಬಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡುವ ಮನಸ್ಸು, ಗೊತ್ತಿಲ್ಲದ್ದನ್ನು ಕೇಳಿ ಕಂಡುಹಿಡಿಯುವ ಕೌಶಲ ಇವೂ ಬೇಕು ಎಂಬುದು ಅವರ ನಿಲುವು. ವೀಡಿಯೊ ಕರೆ ಈ ಕೊನೆಯ ಕೌಶಲಕ್ಕೆ ಹೇಳಿ ಮಾಡಿಸಿದ ಸಾಧನ.

ಒಂದು ಖಾಲಿ ನೀರಿನ ಬಾಟಲಿಯಿಂದ ಎಷ್ಟು ದೂರ ಹೋಗಬಹುದೆಂದು ನೋಡಬಹುದು. ಸಂಸ್ಕೃತಿಯ ಬಗ್ಗೆ ಹೇಳಿ ಎಂದು ಕೇಳಿದರೆ ಹಿರಿಯ ವಿದ್ಯಾರ್ಥಿ ಬರ್ಲಿನ್ ಗೋಡೆಯನ್ನೋ ಅಕ್ಟೋಬರ್ ಹಬ್ಬವನ್ನೋ ಹೇಳುತ್ತಾರೆ. ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂಡಿಟ್ಟಿರುವ ಆ ಖಾಲಿ ಬಾಟಲಿಗಳು ಏತಕ್ಕೆ ಎಂದು ಕೇಳಿದರೆ ಅವರು 'ಪ್ಫಾಂಡ್' ಪದ್ಧತಿಯನ್ನು ವಿವರಿಸಲೇಬೇಕಾಗುತ್ತದೆ. ಪ್ಫಾಂಡ್ ಎಂದರೆ ಠೇವಣಿ. 2003ರಿಂದ ಜಾರಿಯಲ್ಲಿರುವ ನಿಯಮದಂತೆ, ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಅಥವಾ ಡಬ್ಬಿಯಲ್ಲಿ ಪಾನೀಯವನ್ನು ಕೊಂಡಾಗ ಬೆಲೆಯ ಜೊತೆಗೆ 25 ಸೆಂಟ್ ಹೆಚ್ಚಿಗೆ ಕೊಡಬೇಕು. ಖಾಲಿಯಾದ ಮೇಲೆ ಅದನ್ನು ಅಂಗಡಿಯ ಬಾಗಿಲ ಬಳಿಯಿರುವ ಯಂತ್ರದ ಬಾಯಿಗೆ ಹಾಕಿದರೆ, ಯಂತ್ರ ಅದನ್ನು ತಿರುಗಿಸಿ ಗುರುತನ್ನು ಓದಿ ಒಳಗೆಳೆದುಕೊಂಡು, ಎಲ್ಲ ಬಾಟಲಿಗಳ ಲೆಕ್ಕ ಮುಗಿದ ಮೇಲೆ ಒಂದು ಚೀಟಿಯನ್ನು ಕೊಡುತ್ತದೆ. ಆ ಚೀಟಿಯನ್ನು ಹಣ ಕಟ್ಟುವ ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಅಷ್ಟು ಮೊತ್ತ ಕಳೆಯುತ್ತದೆ. ಇಷ್ಟರವರೆಗೆ ಇದು ತ್ಯಾಜ್ಯ ನಿರ್ವಹಣೆಯ ಮಾತು. ಚುರುಕಾದ ವಿದ್ಯಾರ್ಥಿಯೊಬ್ಬಳು, ಬೀದಿಯಲ್ಲಿ ಕುಡಿದು ಮುಗಿಸಿದವರು ಬಾಟಲಿಯನ್ನು ಏನು ಮಾಡುತ್ತಾರೆ ಎಂದು ಕೇಳಿದಾಗ ಮಾತು ಬೇರೆ ಕಡೆಗೆ ತಿರುಗುತ್ತದೆ. ಅನೇಕರು ಅದನ್ನು ಕಸದ ಡಬ್ಬಿಯ ಒಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ಏಕೆಂದರೆ ಅದನ್ನು ಆಯ್ದು ಠೇವಣಿ ಪಡೆಯುವವರು ಕಸದೊಳಗೆ ಕೈ ಹಾಕುವಂತಾಗಬಾರದು. ಆಯುವವರಲ್ಲಿ ಪಿಂಚಣಿ ಸಾಲದ ಮುದುಕರೂ ಇರುತ್ತಾರೆ. ಶ್ರೀಮಂತ ದೇಶದಲ್ಲಿ ಮುದುಕರು ಬಾಟಲಿ ಆಯುವುದೇಕೆ ಎಂಬ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ಒಂದು ಬಾಟಲಿಯಿಂದ ಪರಿಸರ ಕಾನೂನಿಗೆ, ಅಲ್ಲಿಂದ ಅಪರಿಚಿತರ ಮಾನವನ್ನು ಕಾಯುವ ಒಂದು ಮೂಕ ರೂಢಿಗೆ, ಅಲ್ಲಿಂದ ವೃದ್ಧಾಪ್ಯದ ಬಡತನಕ್ಕೆ ತರಗತಿ ಸಾಗುತ್ತದೆ. ಪಠ್ಯಪುಸ್ತಕದ ಹಬ್ಬಗಳ ಪಾಠ ಇಲ್ಲಿಗೆ ಮುಟ್ಟುವುದಿಲ್ಲ.

ಸಾಕ್ಷಿ ಕಂಡದ್ದನ್ನು ಹೇಳಬಲ್ಲರೇ ಹೊರತು, ಕಂಡದ್ದರ ಕಾರಣ ಅವರಿಗೆ ಗೊತ್ತಿರಲೇಬೇಕೆಂದಿಲ್ಲ. ಈ ಭೇದವನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸುವುದು ಅಧ್ಯಾಪಕರ ಅತಿ ಮುಖ್ಯ ಕೆಲಸ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ತರಕಾರಿ ತಂದಿಟ್ಟುಕೊಳ್ಳಬೇಕು ಎಂದು ಹಿರಿಯ ವಿದ್ಯಾರ್ಥಿ ಹೇಳಿದರೆ ಅದು ನಂಬಬಹುದಾದ ಸಾಕ್ಷ್ಯ. ಅದರ ಬೆನ್ನಿಗೇ, ಇಲ್ಲಿನವರಿಗೆ ವ್ಯಾಪಾರದ ಹಸಿವಿಲ್ಲ ಎಂದೋ ಇವರು ಬಹಳ ದೈವಭಕ್ತರು ಎಂದೋ ಹೇಳಿದರೆ ಅದು ಅವರ ಊಹೆ. ನಿಜವಾದ ಕಾರಣವನ್ನು ತರಗತಿ ಪುಸ್ತಕಗಳಲ್ಲಿ ಹುಡುಕಬೇಕು. ಭಾನುವಾರವನ್ನೂ ಸರ್ಕಾರಿ ರಜಾದಿನಗಳನ್ನೂ ದುಡಿಮೆಯಿಂದ ಬಿಡುವು ಪಡೆಯುವ ದಿನಗಳೆಂದು ರಕ್ಷಿಸುವ ವಿಧಿ 1919ರ ವೈಮಾರ್ ಸಂವಿಧಾನದಲ್ಲಿ ಸೇರಿತು. 1949ರಲ್ಲಿ ರೂಪುಗೊಂಡ ಇಂದಿನ ಜರ್ಮನ್ ಸಂವಿಧಾನ ಅದನ್ನು ತನ್ನ 140ನೆಯ ವಿಧಿಯ ಮೂಲಕ ಹಾಗೆಯೇ ಉಳಿಸಿಕೊಂಡಿತು. ಬರ್ಲಿನ್ ರಾಜ್ಯ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರಗಳಲ್ಲಿ ಅಂಗಡಿ ತೆರೆಯಲು ಅವಕಾಶ ಕೊಟ್ಟಾಗ ಅಲ್ಲಿನ ಪ್ರಾಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಚರ್ಚುಗಳು ಅದನ್ನು ಪ್ರಶ್ನಿಸಿದವು. ಸಾಂವಿಧಾನಿಕ ನ್ಯಾಯಾಲಯ 2009ರ ಡಿಸೆಂಬರ್ 1ರಂದು ಆ ಅವಕಾಶ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅಂಗಡಿ ನೌಕರರ ಬಿಡುವಿಗಾಗಿ ಕಾರ್ಮಿಕ ಸಂಘಗಳೂ ಈ ವಿಷಯದಲ್ಲಿ ಚರ್ಚುಗಳ ಜೊತೆಗೇ ನಿಂತಿವೆ. ಮುಚ್ಚಿದ ಒಂದು ಅಂಗಡಿಯ ಬಾಗಿಲ ಹಿಂದೆ ಧರ್ಮ, ದುಡಿಮೆ, ಕಾನೂನು ಮೂರೂ ಕೂಡಿಕೊಂಡಿರುವುದನ್ನು ಕಂಡ ವಿದ್ಯಾರ್ಥಿ ಮುಂದೆ ಯಾವ ನಾಡಿನವರ ಬಗ್ಗೆಯೂ ಅವಸರದ ತೀರ್ಮಾನಕ್ಕೆ ಬರಲಾರ.

ಸಾಕ್ಷಿ ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಜರ್ಮನಿ 16 ರಾಜ್ಯಗಳ ಒಕ್ಕೂಟ, ಶಾಲೆಯಿಂದ ಹಿಡಿದು ರಜಾದಿನಗಳವರೆಗೆ ಅನೇಕ ಸಂಗತಿಗಳು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಬವೇರಿಯಾದ ಕ್ಯಾಥೊಲಿಕ್ ಊರುಗಳಲ್ಲಿ ವರ್ಷಕ್ಕೆ 13 ರಜೆಗಳಿದ್ದರೆ ಬರ್ಲಿನ್‌ನಲ್ಲಿ 10 ಮಾತ್ರ. ನೈಋತ್ಯದ ಶ್ವಾಬಿಯಾ ಪ್ರದೇಶದಲ್ಲಿ, ಒಂದೇ ಕಟ್ಟಡದ ಬಾಡಿಗೆದಾರರು ಸರದಿಯ ಮೇಲೆ ವಾರಕ್ಕೊಬ್ಬರಂತೆ ಮೆಟ್ಟಿಲು ಮತ್ತು ಅಂಗಳವನ್ನು ಗುಡಿಸುವ ಕಟ್ಟಳೆ ಇದೆ. ಅದನ್ನು ಇಡೀ ಜರ್ಮನಿಯ ಪದ್ಧತಿಯೆಂದು ಬರೆದುಕೊಂಡರೆ ತಪ್ಪಾಗುತ್ತದೆ. ವಿದ್ಯಾರ್ಥಿ ನಿಲಯದಲ್ಲಿ ಭಾರತೀಯರೊಂದಿಗೇ ಇರುವವರು ಕಾಣುವುದಕ್ಕೂ, ಮೂವರು ನಾಲ್ವರು ಸೇರಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಅಡುಗೆಮನೆಯನ್ನು ಹಂಚಿಕೊಂಡು ಬಾಳುವ ಜರ್ಮನ್ ವಿದ್ಯಾರ್ಥಿಗಳ ಜೊತೆ ಇರುವವರು ಕಾಣುವುದಕ್ಕೂ ಬಹಳ ಅಂತರವಿದೆ.

ಕಾಲವೂ ಸಾಕ್ಷ್ಯವನ್ನು ಬದಲಿಸುತ್ತದೆ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರಲ್ಲಿ ಪ್ರಕಟವಾದ ಲೇಖನದಲ್ಲಿ, ಹೊಸ ನಾಡಿಗೆ ಹೋದವರು ಮೊದಮೊದಲು ಎಲ್ಲವನ್ನೂ ಮೆಚ್ಚುವ ಹಂತದಿಂದ ಎಲ್ಲವನ್ನೂ ದೂರುವ ಹಂತಕ್ಕೆ ಜಾರಿ, ಆಮೇಲೆ ನಿಧಾನವಾಗಿ ಹೊಂದಿಕೊಳ್ಳುತ್ತಾರೆ ಎಂದು ಹೇಳಿದರು. ಎರಡನೆಯ ಹಂತದ ತಳಮಳಕ್ಕೆ ಸಾಂಸ್ಕೃತಿಕ ಆಘಾತ ಎಂಬ ಹೆಸರು ರೂಢಿಯಲ್ಲಿದೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗುತ್ತಾರೆಂಬುದನ್ನು ನಂತರದ ಸಂಶೋಧಕರು ಒಪ್ಪದಿದ್ದರೂ, ಅಕ್ಟೋಬರಿನಲ್ಲಿ ಸೆಮಿಸ್ಟರ್ ಆರಂಭವಾದಾಗ ಕೊಟ್ಟ ಉತ್ತರಕ್ಕೂ, ನಾಲ್ಕೂವರೆ ಗಂಟೆಗೇ ಕತ್ತಲಾಗುವ ಡಿಸೆಂಬರಿನಲ್ಲಿ ಕೊಟ್ಟ ಉತ್ತರಕ್ಕೂ, ಮುಂದಿನ ಜೂನಿನಲ್ಲಿ ಕೊಟ್ಟ ಉತ್ತರಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಹತ್ತು ಜನರಿಗೆ ಒಂದೊಂದು ಸಲ ಕರೆ ಮಾಡುವುದಕ್ಕಿಂತ ಒಬ್ಬರಿಗೇ ವರ್ಷದಲ್ಲಿ ಮೂರು ಸಲ ಕರೆ ಮಾಡಿ, ಅವೇ ಪ್ರಶ್ನೆಗಳಲ್ಲಿ ಕೆಲವನ್ನು ಮತ್ತೆ ಕೇಳುವುದು ಹೆಚ್ಚು ಕಲಿಸುತ್ತದೆ. ಒಬ್ಬ ವ್ಯಕ್ತಿಯ ಕಣ್ಣು ಒಂದು ನಾಡಿಗೆ ಹೇಗೆ ಪಳಗುತ್ತದೆ ಎಂಬುದನ್ನು ನೋಡುವ ಅವಕಾಶ ಬೇರೆ ಯಾವ ಪಠ್ಯದಲ್ಲಿಯೂ ಇಲ್ಲ.

ಸಿದ್ಧ ನಂಬಿಕೆಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್ 1954ರಲ್ಲಿಯೇ, ಎರಡು ಗುಂಪುಗಳ ನಡುವೆ ಬರಿಯ ಸಂಪರ್ಕ ಏರ್ಪಟ್ಟ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ, ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ, ಸಂಸ್ಥೆಗಳ ಬೆಂಬಲ ಇವು ಇದ್ದರೆ ಅದು ಕರಗುವ ಸಾಧ್ಯತೆ ಹೆಚ್ಚು ಎಂದು ಹೇಳಿದ್ದರು. ಜರ್ಮನರು ಸಮಯಪಾಲಕರೇ ಎಂದು ಕೇಳಿದರೆ ಹೌದು ಎಂಬ ಉತ್ತರ ಬಂದು ಹಳೆಯ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ನಿನ್ನೆ ನಿಮ್ಮ ಉಪನ್ಯಾಸ ಎಷ್ಟು ಗಂಟೆಗೆ ಎಂದಿತ್ತು, ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ವೇಳಾಪಟ್ಟಿಯಲ್ಲಿ ಹತ್ತು ಗಂಟೆಯೆಂದು ಇರುವ ಉಪನ್ಯಾಸ ಹತ್ತೂಕಾಲಿಗೆ ಆರಂಭವಾಗುತ್ತದೆ. ಇದು ವಿಳಂಬವಲ್ಲ, 'ಶೈಕ್ಷಣಿಕ ಕಾಲುಗಂಟೆ' ಎಂಬ ಹೆಸರಿನ ಹಳೆಯ ಸಂಪ್ರದಾಯ. ಉಪನ್ಯಾಸ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟದೆ ಬೆರಳ ಗೆಣ್ಣುಗಳಿಂದ ಮೇಜನ್ನು ಕುಟ್ಟಿ ಮೆಚ್ಚುಗೆ ತೋರಿಸುತ್ತಾರೆ ಎಂಬುದೂ ಇದೇ ಪ್ರಶ್ನೆಯ ಜಾಡಿನಲ್ಲಿ ಸಿಗುವ ಸಂಗತಿ. ಇನ್ನು ರೈಲುಗಳ ಮಾತು ಬಂದರೆ, ಜರ್ಮನ್ ರೈಲ್ವೆಯ ದೂರಪ್ರಯಾಣದ ಗಾಡಿಗಳಲ್ಲಿ 2024ರಲ್ಲಿ ಸಮಯಕ್ಕೆ ಸರಿಯಾಗಿ ಬಂದವು ಶೇ 62.5ರಷ್ಟು ಮಾತ್ರ. ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅದನ್ನು ತಡವೆಂದು ಎಣಿಸದ ಲೆಕ್ಕದಲ್ಲಿಯೂ ಪರಿಸ್ಥಿತಿ ಹೀಗಿದೆ. ಒಟ್ಟಿನಲ್ಲಿ, ಜನ ಹೇಗೆ ಎಂದು ಕೇಳುವ ಪ್ರಶ್ನೆ ಅಭಿಪ್ರಾಯವನ್ನು ತರುತ್ತದೆ, ನಿನ್ನೆ ಏನು ನಡೆಯಿತು ಎಂದು ಕೇಳುವ ಪ್ರಶ್ನೆ ಸಂಗತಿಯನ್ನು ತರುತ್ತದೆ.

ಕರೆ ಯಾವ ಭಾಷೆಯಲ್ಲಿ ನಡೆಯಬೇಕು ಎಂಬ ವಿಷಯದಲ್ಲಿ ಅಧ್ಯಾಪಕರಲ್ಲಿ ಭಿನ್ನಾಭಿಪ್ರಾಯವಿದೆ. ಆಚೆ ಕಡೆಯಲ್ಲಿರುವವರೂ ಕನ್ನಡಿಗರಾದ್ದರಿಂದ ಎರಡೇ ನಿಮಿಷದಲ್ಲಿ ಮಾತು ಕನ್ನಡಕ್ಕೋ ಇಂಗ್ಲಿಷಿಗೋ ಹೊರಳುತ್ತದೆ ಎಂಬುದು ಸಾಮಾನ್ಯ ದೂರು. ಟ್ಯಾಂಡೆಮ್ ಪದ್ಧತಿಯ ಅರ್ಧ-ಅರ್ಧ ಹಂಚಿಕೆಯನ್ನು ಇಲ್ಲಿ ಬಳಸಿಕೊಳ್ಳಬಹುದು. ಮೊದಲ ಇಪ್ಪತ್ತು ನಿಮಿಷ ಮೊದಲೇ ಬರೆದು ತಿದ್ದಿಸಿಕೊಂಡ ಪ್ರಶ್ನೆಗಳನ್ನು ಜರ್ಮನ್‌ನಲ್ಲಿಯೇ ಕೇಳಿ, ಉತ್ತರವನ್ನೂ ಸರಳ ಜರ್ಮನ್‌ನಲ್ಲಿ ಪಡೆದು, ಉಳಿದ ಇಪ್ಪತ್ತು ನಿಮಿಷ ಕನ್ನಡದಲ್ಲಿ ಬಿಚ್ಚುಮನಸ್ಸಿನಿಂದ ಮಾತನಾಡುವುದು ಸರಿಯಾದ ದಾರಿ. ಆರಂಭಿಕ ಹಂತದ ವಿದ್ಯಾರ್ಥಿಗೆ ಒಂಟಿತನ, ಮುಜುಗರ, ಬಾಡಿಗೆ ಮನೆ ಹುಡುಕುವಾಗಿನ ಅವಮಾನ ಇಂಥವನ್ನು ಜರ್ಮನ್‌ನಲ್ಲಿ ಕೇಳುವ ಶಕ್ತಿಯಿರುವುದಿಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆಗಳು ಅವೇ. ಕನ್ನಡದಲ್ಲಿ ಕೇಳಿದ್ದನ್ನು ಮರುದಿನ ಜರ್ಮನ್‌ನಲ್ಲಿ ಐದು ವಾಕ್ಯಗಳಾಗಿ ಬರೆಸಿದರೆ, ಒಂದು ಭಾಷೆಯಲ್ಲಿ ತಿಳಿದದ್ದನ್ನು ಇನ್ನೊಂದರಲ್ಲಿ ಬೇರೆಯವರಿಗೆ ಮುಟ್ಟಿಸುವ ಅಭ್ಯಾಸವಾಗುತ್ತದೆ. ಎ1ರಿಂದ ಸಿ2ರವರೆಗಿನ ಹಂತಗಳನ್ನು ನಿಗದಿಪಡಿಸಿರುವ ಯುರೋಪಿನ ಭಾಷಾ ಚೌಕಟ್ಟು ಈ ಕೌಶಲವನ್ನು ಮಧ್ಯವರ್ತನೆ ಎಂದು ಕರೆದು, ಕೇಳುವುದು, ಓದುವುದು, ಮಾತನಾಡುವುದು, ಬರೆಯುವುದು ಇವುಗಳ ಸಾಲಿನಲ್ಲಿಯೇ ಅದಕ್ಕೂ ಸ್ಥಾನ ಕೊಟ್ಟಿದೆ.

ವ್ಯಾವಹಾರಿಕ ವಿಷಯಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಭಾರತಕ್ಕೂ ಜರ್ಮನಿಗೂ ಇರುವ ಸಮಯದ ಅಂತರ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುವುದನ್ನು ಗಮನದಲ್ಲಿಟ್ಟುಕೊಂಡು ವೇಳೆಯನ್ನು ಗೊತ್ತುಮಾಡಬೇಕು. ಎರಡನೆಯದು ಇನ್ನೂ ಗಂಭೀರವಾದದ್ದು. ಖಾಸಗಿ ಮಾತುಕತೆಯನ್ನು ಮಾತನಾಡಿದವರ ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸುವುದು ಜರ್ಮನ್ ದಂಡಸಂಹಿತೆಯ 201ನೆಯ ಕಲಮಿನ ಪ್ರಕಾರ ಅಪರಾಧ. ಹೀಗಿರುವಾಗ ಮೊಬೈಲನ್ನು ಹಿಡಿದು ಮನೆಯೆಲ್ಲ ತೋರಿಸಿ ಎಂದು ಹಿರಿಯ ವಿದ್ಯಾರ್ಥಿಯನ್ನು ಒತ್ತಾಯಿಸಿ, ಅಡುಗೆಮನೆಗೆ ಬಂದ ಸಹವಾಸಿಯನ್ನು ಕೇಳದೆಯೇ ಪರದೆಯ ಮೇಲೆ ತರುವುದು ಆ ವಿದ್ಯಾರ್ಥಿಯನ್ನು ತೊಂದರೆಗೆ ಸಿಕ್ಕಿಸಿದಂತೆ. 2010ರಲ್ಲಿ ಗೂಗಲ್ ಸಂಸ್ಥೆ ಬೀದಿಗಳ ಚಿತ್ರಗಳನ್ನು ಪ್ರಕಟಿಸಲು ಹೊರಟಾಗ ಜರ್ಮನಿಯ ಸುಮಾರು 2.44 ಲಕ್ಷ ಮನೆಗಳವರು ತಮ್ಮ ಮನೆಯ ಮುಂಭಾಗವನ್ನು ಮಸುಕುಗೊಳಿಸುವಂತೆ ಕೇಳಿಕೊಂಡಿದ್ದರು. ಪೂರ್ವ ಜರ್ಮನಿಯ ಗುಪ್ತ ಪೊಲೀಸರು ಜನರ ಖಾಸಗಿ ಬದುಕಿನ ಮೇಲೆ ಕಡತಗಟ್ಟಲೆ ವರದಿ ಬರೆದಿಟ್ಟ ನೆನಪು ಇನ್ನೂ ಹಸಿಯಾಗಿರುವ ದೇಶ ಅದು. ಕರೆಗೆ ಮುಂಚೆ ಒಪ್ಪಿಗೆ ಕೇಳುವ ಕ್ರಮವನ್ನು ಕಲಿಸುವುದೇ ಆ ನಾಡಿನ ಸಂಸ್ಕೃತಿಯ ಮೊದಲ ಪಾಠವಾಗಬಹುದು.

ಈ ಪಾಠ ಏಕಮುಖವಾಗಿ ಉಳಿಯಬಾರದು. ಹಿರಿಯ ವಿದ್ಯಾರ್ಥಿಯ ಜರ್ಮನ್ ಸಹಪಾಠಿಗಳು ಅವರನ್ನು ಏನೇನು ಕೇಳುತ್ತಾರೆ ಎಂಬ ಪ್ರಶ್ನೆಯನ್ನು ಪ್ರತಿ ಕರೆಯಲ್ಲಿಯೂ ಕೇಳಬೇಕು. ಮನೆಯ ಹೊರಗೆ ಚಪ್ಪಲಿ ಬಿಡುವುದೇಕೆ, ಹೌದು ಎನ್ನಲು ತಲೆಯನ್ನು ಹಾಗೆ ಅಡ್ಡಡ್ಡ ಆಡಿಸುವುದೇಕೆ, ಊಟಕ್ಕೆ ಬಂದವರನ್ನು ಬೇಡವೆಂದರೂ ಮತ್ತೆ ಮತ್ತೆ ಬಡಿಸಿ ಒತ್ತಾಯಿಸುವುದೇಕೆ ಎಂಬ ಪ್ರಶ್ನೆಗಳು ಅತ್ತಲಿಂದ ಬಂದಾಗ, ಹೊಸಪೇಟೆಯ ಅಥವಾ ಹಾಸನದ ವಿದ್ಯಾರ್ಥಿಗೆ ತಾನು ಇಷ್ಟು ದಿನ ಯೋಚಿಸದೆ ಮಾಡಿಕೊಂಡು ಬಂದದ್ದಕ್ಕೆ ಕಾರಣ ಹೇಳಬೇಕಾಗಿ ಬರುತ್ತದೆ. ಆ ಉತ್ತರವನ್ನು ಜರ್ಮನ್‌ನಲ್ಲಿ ಕಟ್ಟಲು ಪಡುವ ಶ್ರಮದಲ್ಲಿ ಎರಡು ಭಾಷೆಗಳೂ ಎರಡು ಬದುಕುಗಳೂ ಏಕಕಾಲಕ್ಕೆ ಪರೀಕ್ಷೆಗೆ ಒಳಗಾಗುತ್ತವೆ.

ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಕರ್ನಾಟಕದ ನೂರಾರು ಯುವಕ ಯುವತಿಯರು ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಹೊರಡುತ್ತಾರೆ. ಅವರು ವಿಮಾನ ಹತ್ತುವ ಮೊದಲೇ ಅವರಲ್ಲಿ ಒಬ್ಬರನ್ನಾದರೂ ಕಂಡು, ವರ್ಷಕ್ಕೆ ಮೂರು ಕರೆಗಳ ಒಪ್ಪಿಗೆ ಪಡೆದು, ಮೊದಲ ತಿಂಗಳಲ್ಲಿ ಎಡವಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವಂತೆ ಕೇಳಿಕೊಳ್ಳಬೇಕೆಂದು ಭಾಷಾ ಅಧ್ಯಾಪಕರಲ್ಲಿ ವಿನಂತಿ. ಅದಕ್ಕೆ ಸುತ್ತೋಲೆಯಾಗಲಿ ಅನುದಾನವಾಗಲಿ ಬೇಕಿಲ್ಲ.